ಎರಡು ಸೂಜಿಯಿಂದ ನಾಲ್ಕಕ್ಕೆ

ಮಗಳಿಗೆ ಟೈಪ್ ಒನ್ ಮಧುಮೇಹವಿದೆ ಎಂದು ತಿಳಿದಾಗ ಅವಳಿಗೆ ಒಂಬತ್ತು ವರ್ಷ. ಮುಂದಿನ ನಾಲ್ಕು ವರ್ಷ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಸೀಸೆಯೇ ನಮ್ಮ ಮನೆಯ ಗಡಿಯಾರವಾಗಿತ್ತು. ಬೆಳಿಗ್ಗೆ 20 ಯೂನಿಟ್, ಸಂಜೆ 12. ಅದು ನೂರಕ್ಕೆ 30 ಪಾಲು ಬೇಗ ಕೆಲಸ ಮಾಡುವ, 70 ಪಾಲು ನಿಧಾನವಾಗಿ ಏರಿ ಗಂಟೆಗಟ್ಟಲೆ ನಿಲ್ಲುವ ಇನ್ಸುಲಿನ್ನಿನ ಮಿಶ್ರಣ. ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಿ, ತಳದಲ್ಲಿ ಕೂತ ಬಿಳಿ ಗಸಿ ಹಾಲಿನಂತೆ ಒಂದಾದ ಮೇಲೆ ಸಿರಿಂಜಿಗೆ ಎಳೆದು ಚುಚ್ಚಿದರೆ, ಅರ್ಧ ಗಂಟೆಗೆ ತಟ್ಟೆ ಮುಂದಿರಬೇಕು, ಹಸಿವಿರಲಿ ಇಲ್ಲದಿರಲಿ.

ತೀರ್ಥಹಳ್ಳಿ ಕಡೆಯ ನಮ್ಮಂಥ ಮನೆಗಳಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಈ ಶಿಸ್ತು ಉಳಿಯುವುದಿಲ್ಲ. ಅಂಗಳದಲ್ಲಿ ರಾಶಿ ಬಿದ್ದ ಮೇಲೆ ಎಲ್ಲರೂ ಮೆಟ್ಟುಗತ್ತಿಯ ಮುಂದೆ, ಊಟ ಯಾವಾಗಲೋ. ಅಂಥದೊಂದು ಸಂಜೆ ಏಳಕ್ಕೆ ಸೂಜಿ ಚುಚ್ಚಿಸಿಕೊಂಡ ಮಗಳು, ಅಡಿಕೆ ಸುಲಿಯುವವರ ಗಲಾಟೆಯಲ್ಲಿ ನಾವು ಗಮನಿಸದೆ ಹೋದದ್ದರಿಂದ, ಅರ್ಧ ತಟ್ಟೆ ಅನ್ನ ಬಿಟ್ಟು ಮಲಗಿಬಿಟ್ಟಿದ್ದಳು. ರಾತ್ರಿ ಎರಡೂವರೆಗೆ ನನ್ನ ಹೆಂಡತಿ ಹೊದಿಕೆ ಸರಿಪಡಿಸಲು ಹೋದಾಗ ದಿಂಬು ಬೆವರಿನಿಂದ ಒದ್ದೆಯಾಗಿತ್ತು. ಗ್ಲುಕೋಮೀಟರಿನಲ್ಲಿ ರಕ್ತದ ಸಕ್ಕರೆ 52. ಎಪ್ಪತ್ತಕ್ಕಿಂತ ಕೆಳಗೆ ಹೋಗಬಾರದು ಎಂಬುದು ನಮಗೆ ಬಾಯಿಪಾಠವಾಗಿತ್ತು. ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಹದಿನೈದು ನಿಮಿಷ ಕಾದು ಮತ್ತೆ ಬೆರಳು ಚುಚ್ಚುವಾಗ ನನ್ನ ಕೈಯೇ ನಡುಗುತ್ತಿತ್ತು. ಅಡಿಕೆಯ ಚೊಗರು ಹತ್ತಿ ಕಪ್ಪಾದ ಬೆರಳುಗಳಿಂದ ಆ ಸಣ್ಣ ಪಟ್ಟಿಯನ್ನು ಮೀಟರಿಗೆ ಸಿಕ್ಕಿಸಲು ಎರಡು ಸಲ ತಪ್ಪಿದೆ.

ಆ ವಾರವೇ ಮಂಡಗದ್ದೆ, ಸಕ್ರೆಬೈಲು ದಾಟಿ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಗುಡ್ಡದಂಥ ಗೆರೆ ಎಳೆದು, ಸಂಜೆಯ ಮಿಶ್ರಣದ ನಿಧಾನದ ಪಾಲು ನಡುರಾತ್ರಿಯ ಹೊತ್ತಿಗೇ ಏರುವುದನ್ನು ತೋರಿಸಿದರು. ಆಗ ಹೊಟ್ಟೆ ಖಾಲಿ. ಇನ್ನೊಂದು ದಾರಿಯೆಂದರೆ, ಇಡೀ ದಿನ ಹೆಚ್ಚು ಏರಿಳಿತವಿಲ್ಲದೆ ನಿಲ್ಲುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ರಾತ್ರಿ ಒಮ್ಮೆ, ಪ್ರತಿ ಊಟಕ್ಕೂ ಮುಂಚೆ ತಕ್ಷಣ ಕೆಲಸ ಮಾಡುವ ಇನ್ಸುಲಿನ್. ಅಲ್ಲಿಗೆ ದಿನಕ್ಕೆ ನಾಲ್ಕು ಚುಚ್ಚು, ಬೆರಳು ಚುಚ್ಚುವ ಲೆಕ್ಕ ಬೇರೆ. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡ, ನರಗಳಿಗೆ ಆಗುವ ಹಾನಿ ಕಡಿಮೆಯಾಗುತ್ತದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತ್ತಂತೆ. ಅದರಲ್ಲೇ ಸಕ್ಕರೆ ತೀವ್ರವಾಗಿ ಕುಸಿಯುವುದು ಸುಮಾರು ಮೂರು ಪಟ್ಟು ಹೆಚ್ಚಿತ್ತೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಅಂದಿನ ಇನ್ಸುಲಿನ್‌ಗಳು ಬೇರೆ ಎಂದರು. ಖರ್ಚು ಹೆಚ್ಚು, ಶಾಲೆಯಲ್ಲಿ ಮಧ್ಯಾಹ್ನ ಅವಳೇ ಚುಚ್ಚಿಕೊಳ್ಳಬೇಕು ಎಂದೆಲ್ಲ ನಾನು ಅಡ್ಡ ಹಾಕುತ್ತಿದ್ದಾಗ ಅವರು ಮಗಳ ಕಡೆ ತಿರುಗಿ, "ನೀನೇನು ಹೇಳ್ತೀಯಮ್ಮ?" ಎಂದರು.

"ನಾಲ್ಕು ಸಲ ಚುಚ್ಚಿದ್ರೂ ಅಡ್ಡಿಲ್ಲ. ಹಸಿವಿಲ್ಲದಾಗ ತಿನ್ನು ತಿನ್ನು ಅನ್ನೋದು ಮಾತ್ರ ಬೇಡ," ಎಂದಳು. ಸೂಜಿಗಿಂತ ತಟ್ಟೆಯೇ ಅವಳಿಗೆ ಹೆಚ್ಚು ಹಿಂಸೆಯಾಗಿತ್ತೆಂಬುದು ನಾಲ್ಕು ವರ್ಷದಲ್ಲಿ ನಮಗೆ ಹೊಳೆದಿರಲಿಲ್ಲ.

ಹೊರಡುವ ಮುನ್ನ ಡಾಕ್ಟರು ಎರಡೆರಡು ಸಲ ಎಚ್ಚರಿಸಿದ್ದು ಒಂದೇ ವಿಷಯಕ್ಕೆ: ಹಳೆಯ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಇನ್ನು ಮುಂದೆ ಸಿರಿಂಜಿನ ಬದಲು ಬಳಸುವ, ಯೂನಿಟ್ ತಿರುಗಿಸಿಟ್ಟು ಚುಚ್ಚುವ ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಪೆನ್ ಕೆಟ್ಟಿತೆಂದು ಮನೆಯಲ್ಲುಳಿದ ಹಳೆಯ ಸಿರಿಂಜಿನಿಂದ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಉಳಿದ ಸಿರಿಂಜುಗಳನ್ನು ಅಂದೇ ಕಣ್ಣಿಗೆ ಬೀಳದಂತೆ ತೆಗೆದಿಟ್ಟೆ.

ಅಡುಗೆಮನೆಗೆ ತಕ್ಕಡಿ ಬಂತು. ಒಂದು ಅಕ್ಕಿರೊಟ್ಟಿಗೆ 50 ಗ್ರಾಂ ಹಿಟ್ಟು, ಅಂದರೆ ಸುಮಾರು 40 ಗ್ರಾಂ ಪಿಷ್ಟ. ಅವಳಿಗೆ 15 ಗ್ರಾಂಗೆ ಒಂದು ಯೂನಿಟ್ ಎಂದು ಡಾಕ್ಟರು ಗೊತ್ತುಮಾಡಿದ್ದರಿಂದ ಎರಡು ರೊಟ್ಟಿಗೆ ಐದು. "ರೊಟ್ಟಿ ತೂಗಿ ಹಾಕೋದನ್ನೂ ನೋಡಬೇಕಾಯ್ತಲ್ಲ," ಎಂದು ಗೊಣಗಿದ ನನ್ನ ಅಮ್ಮ, ವಾರದೊಳಗೆ ಕಡುಬಿನ ಲೆಕ್ಕವನ್ನು ತಾವೇ ಕೇಳತೊಡಗಿದರು. ಮೊದಲ ದಿನಗಳು ಸುಸೂತ್ರವಾಗಿರಲಿಲ್ಲ. ಶಾಲೆಯಲ್ಲಿ ಐದು ಯೂನಿಟ್ ತೆಗೆದುಕೊಂಡು, ಒಂದು ರೊಟ್ಟಿಯನ್ನು ಗೆಳತಿಗೆ ಕೊಟ್ಟು, 62ಕ್ಕೆ ಇಳಿದು ಬಂದ ದಿನವೂ ಇತ್ತು.

ಮೊನ್ನೆ ಕೊನೆಯ ಗೊನೆ ಸುಲಿದು ಮುಗಿಯುವಾಗ ರಾತ್ರಿ ಹತ್ತು. ಅವಳು ಎಲ್ಲರ ಜೊತೆ ಕೂತು, ಪೆನ್ ತಿರುಗಿಸಿ, ಉಂಡು ಮಲಗಿದಳು. ನಾನು ಮೂರಕ್ಕೆ ಅಲಾರಾಂ ಇಟ್ಟು ಎದ್ದು ಬೆರಳು ಚುಚ್ಚಿದೆ: 118. ನಿದ್ದೆಗಣ್ಣಲ್ಲೇ ಅವಳು ಕೈ ಎಳೆದುಕೊಂಡು ಮಗ್ಗುಲು ಬದಲಿಸಿದಳು.