ಕಾರಿನಿಂದ ಇಳಿದವನು

2024 ಜುಲೈ 20, ಶನಿವಾರ
ರಾತ್ರಿ 11.40

ಎಂಟಕ್ಕೆ ಹೋದ ಕರೆಂಟು ಈಗ ಬಂತು. ಮಳೆ ಮಾತ್ರ ಬಿಟ್ಟಿಲ್ಲ. ಅಕ್ಕ ಮಲಗಿದ್ದಾಳೆ. ಅವಳ ಮಗ, ನನ್ನ ಅಳಿಯನ ಕೋಣೆಯಲ್ಲೂ ಲೈಟಿಲ್ಲ, ಆದರೆ ಅವನಿಗೆ ನಿದ್ದೆ ಬಂದಿಲ್ಲ ಅಂತ ನನಗೆ ಗೊತ್ತು, ಆಗಿನಿಂದ ಮಂಚ ಕಿರುಗುಡುತ್ತಾ ಇದೆ. ಇಲ್ಲಿ ಬರೆಯುವುದನ್ನು ಅಕ್ಕ ಓದುವುದಿಲ್ಲ. ಅವನು ಓದುತ್ತಾನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಹೋದ ಶನಿವಾರ ನಾವಿಬ್ಬರೂ ಕೂತು ‘ಫೋರ್ ಬ್ರದರ್ಸ್’ ನೋಡಿದ್ದೆವು. 2005ರ ಸಿನಿಮಾ. ಡೆಟ್ರಾಯಿಟ್ ಊರು, ಎಲ್ಲಿ ನೋಡಿದರೂ ಹಿಮ. ಯಾರಿಗೂ ಬೇಡವಾದ ನಾಲ್ಕು ಹುಡುಗರನ್ನು ಒಬ್ಬಳು ತಾಯಿ ಸಾಕಿದ್ದಾಳೆ, ಇಬ್ಬರು ಬಿಳಿಯರು, ಇಬ್ಬರು ಕಪ್ಪು ಹುಡುಗರು. ಅಂಗಡಿಗೆ ಹೋದ ಆ ತಾಯಿಯನ್ನು ಗುಂಡಿಟ್ಟು ಕೊಲ್ಲುತ್ತಾರೆ. ಕೊಂದವರನ್ನು ಹುಡುಕಿಕೊಂಡು ಮಕ್ಕಳು ಹೊರಡುತ್ತಾರೆ. ನನಗೆ ಅದರಲ್ಲಿ ಇಷ್ಟವಾದದ್ದು ಊಟದ ಮೇಜಿನ ಒಂದು ದೃಶ್ಯ. ತಾಯಿ ಇಲ್ಲ, ಆದರೂ ನಾಲ್ವರಿಗೂ ಅವಳು ಎದುರಿಗೆ ಕೂತ ಹಾಗೆ ಕಾಣುತ್ತಾಳೆ. ಅಳಿಯನಿಗೆ ಇಷ್ಟವಾದದ್ದು ಬಂದೂಕು. “ಅಣ್ಣತಮ್ಮ ಅಂದ್ರೆ ಹೀಗಿರ್ಬೇಕು ಮಾವ, ಒಬ್ಬನಿಗೆ ಆದ್ರೆ ಎಲ್ಲರೂ ಹೊರಡ್ಬೇಕು” ಅಂದ. ಆ ಮಾತು ವಾರವಿಡೀ ನನ್ನ ತಲೆಯಲ್ಲಿ ಕೂತಿತ್ತು. ಪ್ಲಸ್ ಟು ಓದುವ ಹುಡುಗ. ಅಪ್ಪ ಶಾರ್ಜಾದಲ್ಲಿ. ಕಾಸರಗೋಡಿನ ಕಡೆಯ ಈ ಊರು ಬೇರೆ ಹೀಗಿದೆ, ಸಣ್ಣದಕ್ಕೂ ಗುಂಪು ಕಟ್ಟುವ ಊರು.

ಇವತ್ತು ಅಡಿಕೆಗೆ ಮದ್ದು ಬಿಡುವವರು ಬರುತ್ತೇನೆ ಅಂದಿದ್ದರು. ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟಿದ್ದೆ. ಈ ಮಳೆಗೆ ಯಾರು ಅಡಿಕೆ ಮರ ಹತ್ತುತ್ತಾರೆ? ಇನ್ನೆರಡು ದಿನ ಹೀಗೇ ಹೊಯ್ದರೆ ಕೊಳೆರೋಗ ಖಂಡಿತ. ಸರಿ, ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದು, ಅದೇ ನಿರ್ದೇಶಕ ಮಾಡಿದ ಮೊದಲನೇ ಸಿನಿಮಾ ತೋರಿಸ್ತೇನೆ ಬಾ ಅಂತ ಅವನನ್ನು ಕೂರಿಸಿದೆ. ‘ಬಾಯ್ಸ್ ಇನ್ ದ ಹುಡ್’. 1991.

ಜಾನ್ ಸಿಂಗಲ್‌ಟನ್ ಇದನ್ನು ಮಾಡುವಾಗ ಅವನಿಗೆ ಇನ್ನೂ 22 ವರ್ಷ. ಕಾಲೇಜು ಮುಗಿಸಿ ಆಗಷ್ಟೇ ಹೊರಬಿದ್ದಿದ್ದ. ಅವನು ಬೆಳೆದ ಲಾಸ್ ಏಂಜಲೀಸಿನ ದಕ್ಷಿಣ ಭಾಗದ ಕೇರಿಗಳ ಕತೆಯೇ ಇದು. ಒಳ್ಳೆ ನಿರ್ದೇಶಕನ ಆಸ್ಕರ್‌ಗೆ ಅವನ ಹೆಸರು ಹೋಯಿತು, ಅಷ್ಟು ಸಣ್ಣ ಪ್ರಾಯದವನದ್ದಾಗಲಿ, ಕಪ್ಪು ಜನರಲ್ಲಿ ಒಬ್ಬನದ್ದಾಗಲಿ ಅದಕ್ಕಿಂತ ಮೊದಲು ಹೋಗಿರಲಿಲ್ಲ. 2019ರಲ್ಲಿ ತೀರಿಕೊಂಡ, 51 ವರ್ಷಕ್ಕೆ. ಇದನ್ನೆಲ್ಲ ಹೇಳಿದರೆ ಅಳಿಯ “ಫೈಟ್ ಉಂಟಾ ಮಾವ?” ಅಂತ ಕೇಳಿದ.

ಸಿನಿಮಾ ಶುರುವಾಗುವಾಗ ಪರದೆ ಮೇಲೆ ಒಂದು ಲೆಕ್ಕ ಬರುತ್ತದೆ. ಅಮೆರಿಕದ 21 ಕಪ್ಪು ಗಂಡಸರಲ್ಲಿ ಒಬ್ಬ ಕೊಲೆಯಾಗುತ್ತಾನೆ, ಹೆಚ್ಚಿನವರು ಸಾಯುವುದು ಇನ್ನೊಬ್ಬ ಕಪ್ಪು ಗಂಡಸಿನ ಕೈಯಲ್ಲೇ ಅಂತ. ಅಳಿಯ ಅದನ್ನು ಎರಡು ಸಲ ಓದಿಕೊಂಡ. ಆಮೇಲೆ ಮುಕ್ಕಾಲು ಗಂಟೆ ಆಕಳಿಸಿದ. ಟ್ರೇ ಅನ್ನುವ ಹುಡುಗನನ್ನು ತಾಯಿ ಅಪ್ಪನ ಹತ್ತಿರ ಬಿಟ್ಟು ಹೋಗುತ್ತಾಳೆ, ಬಂದ ದಿನವೇ ಅಪ್ಪ ಅಂಗಳದ ತರಗೆಲೆ ಗುಡಿಸಲು ಹಚ್ಚುತ್ತಾನೆ. ಎದುರು ಮನೆಯಲ್ಲಿ ಇಬ್ಬರು ಮಕ್ಕಳು, ತಾಯಿ ಒಬ್ಬಳೇ, ತಂದೆಯರು ಬೇರೆ ಬೇರೆ. ರಿಕಿಯನ್ನು ಕಂಡರೆ ತಾಯಿಗೆ ಜೀವ. ಡೋಬಾಯ್‌ಯನ್ನು ಕಂಡರೆ ಬೈಗುಳ. ರಾತ್ರಿಯಾದರೆ ಸಾಕು, ತಲೆ ಮೇಲೆ ಪೊಲೀಸ್ ಹೆಲಿಕಾಪ್ಟರ್ ಸುತ್ತುವ ಶಬ್ದ. ಅದು ಕಾಣುವುದು ಕಡಿಮೆ, ಕೇಳುವುದೇ ಜಾಸ್ತಿ.

ಒಂದು ಕಡೆ ಪೊಲೀಸನೊಬ್ಬ ಸುಮ್ನೆ ಹೋಗುತ್ತಿದ್ದ ಟ್ರೇಯ ಕಾರು ನಿಲ್ಲಿಸಿ ಅವನ ಕುತ್ತಿಗೆಗೆ ಪಿಸ್ತೂಲು ಒತ್ತುತ್ತಾನೆ. ಅಳಿಯ ಎದ್ದು ಕೂತ. “ಮಾವ, ಈ ಪೊಲೀಸನೂ ಕಪ್ಪಿನವನೇ ಅಲ್ವಾ?” ಹೌದು ಅಂದೆ. “ಮತ್ತೆ ಯಾಕೆ?” ನನಗೆ ಗೊತ್ತಿದ್ದಷ್ಟು ಹೇಳಿದೆ. ತನ್ನ ಜನರನ್ನು ಕಂಡರೆ ಹೇಸಿಗೆ ಪಡುವ ಹಾಗೆ ಅವನನ್ನು ಯಾರೋ ತಯಾರು ಮಾಡಿದ್ದಾರೆ. ಈ ಸಿನಿಮಾ ಬರುವ ನಾಲ್ಕು ತಿಂಗಳು ಮೊದಲು, 1991ರ ಮಾರ್ಚಿನಲ್ಲಿ, ಅದೇ ಊರಿನ ಪೊಲೀಸರು ರಾಡ್ನಿ ಕಿಂಗ್ ಅನ್ನುವ ಕಪ್ಪು ಮನುಷ್ಯನಿಗೆ ಲಾಠಿಯಲ್ಲಿ ಬಡಿದದ್ದನ್ನು ಯಾರೋ ವಿಡಿಯೋ ಮಾಡಿದ್ದರು. ಮರುವರ್ಷ ಏಪ್ರಿಲಿನಲ್ಲಿ ಆ ಕೇಸಿನ ತೀರ್ಪು ಪೊಲೀಸರ ಪರವಾಗಿ ಬಂದಾಗ ಊರೇ ಹೊತ್ತಿ ಉರಿಯಿತು. ಸಿನಿಮಾದಲ್ಲಿರುವ ಸಿಟ್ಟು ಆ ಊರಿನದೇ. ಅಳಿಯ ಆಮೇಲೆ ಆಕಳಿಸಲಿಲ್ಲ.

ರಿಕಿ ಸಾಯುವ ಜಾಗ. ಅಮ್ಮ ಹೇಳಿದ ಸಾಮಾನು ತರಲು ಟ್ರೇ ಜೊತೆ ಅಂಗಡಿಗೆ ಹೋಗಿರುತ್ತಾನೆ. ವಾಪಸು ಬರುವಾಗ ನಡೆಯುತ್ತಾ ನಡೆಯುತ್ತಾ ಒಂದು ಲಾಟರಿ ಟಿಕೆಟನ್ನು ಕೆರೆಯುತ್ತಿರುತ್ತಾನೆ. ನಮ್ಮ ಪೇಟೆಯಲ್ಲಿ ಹತ್ತು ಹೆಜ್ಜೆಗೊಂದು ಲಾಟರಿ ಸ್ಟಾಲು, ಹಾಗಾಗಿಯೋ ಏನೋ ನನಗೆ ಆ ಕೈ ಮರೆಯುವುದಿಲ್ಲ, ಇನ್ನೇನು ಒಂದು ಒಳ್ಳೇದು ಆಗ್ತದೆ ಅನ್ನುವ ಹಾಗೆ ಕೆರೆಯುವ ಕೈ. ಬೆನ್ನಿಗೆ ಗುಂಡು. ಹೆಣವನ್ನು ಮನೆಗೆ ಹೊತ್ತು ತರುತ್ತಾರೆ, ತಾಯಿ ಹೊಡೆಯುವುದು ಯಾರಿಗೆ ಗೊತ್ತಾ, ಉಳಿದ ಮಗನಿಗೆ. ನೀನೇ ಮಾಡಿದ್ದು ಅಂತ. ಕಾಲೇಜಿಗೆ ಹೋಗಲು ರಿಕಿಗೆ ಪರೀಕ್ಷೆಯಲ್ಲಿ 700 ಬೇಕಿತ್ತು. ಆ ಹೊತ್ತಿಗೆ ಟಪಾಲಿನಲ್ಲಿ ಬಂದ ಕಾಗದದಲ್ಲಿ 710 ಇರುತ್ತದೆ.

ಆಮೇಲೆ ಆ ಕಾರು. ಡೋಬಾಯ್ ಮತ್ತು ಗೆಳೆಯರು ಕೊಂದವರನ್ನು ಹುಡುಕಿ ಹೊರಡುತ್ತಾರೆ, ಅಪ್ಪ ತಡೆದರೂ ಕಣ್ಣು ತಪ್ಪಿಸಿ ಟ್ರೇಯೂ ಹತ್ತುತ್ತಾನೆ. ಅಪ್ಪ ಮನೆಯಲ್ಲಿ ಕುರ್ಚಿಯಲ್ಲಿ ಕೂತು ಅಂಗೈಯಲ್ಲಿ ಎರಡು ಸಣ್ಣ ಲೋಹದ ಚೆಂಡುಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತಾ ಇರುತ್ತಾನೆ. ಬೇರೆ ಏನೂ ಮಾಡುವುದಿಲ್ಲ. ಅಲ್ಲಿ ಕಾರಿನಲ್ಲಿ ಟ್ರೇ, ನನ್ನನ್ನು ಇಳಿಸಿ ಅನ್ನುತ್ತಾನೆ. ಇಳಿಯುತ್ತಾನೆ.

“ಅವ ಯಾಕೆ ಇಳಿದ?” ಅಳಿಯ ಕೇಳಿದ. ದನಿ ಸ್ವಲ್ಪ ಜೋರಾಗಿತ್ತು. “ಸತ್ತದ್ದು ಅವನ ಫ್ರೆಂಡ್ ಅಲ್ವಾ? ಅರ್ಧದಲ್ಲಿ ಇಳಿದ್ರೆ ಹೆದ್ರಿ ಓಡಿದ ಹಾಗಲ್ವಾ?”

ನಾನು ಲ್ಯಾಪ್‌ಟಾಪ್ ನಿಲ್ಲಿಸಿದೆ. ಮಾಡಿನ ಶೀಟಿನ ಮೇಲೆ ಮಳೆ ಎಷ್ಟು ಜೋರಿತ್ತು ಅಂದರೆ ಹತ್ತಿರ ಸರಿದು ಮಾತಾಡಬೇಕಾಯಿತು. ಹತ್ತುವುದು ಸುಲಭ, ಎಲ್ಲರೂ ಹತ್ತಿದ ಮೇಲೆ ನಾನೂ ಹತ್ತಿದೆ ಅಂತ ಆಗ್ತದೆ. ಎಲ್ಲರೂ ಕೂತಿರುವಾಗ ಒಬ್ಬನೇ ಬಾಗಿಲು ತೆಗೆದು ಇಳಿಯುವುದು ಹೆದರುಪುಕ್ಕಲನಿಂದ ಆಗುವ ಕೆಲಸ ಅಲ್ಲ ಮಾರಾಯ. ಅವನಿಗೆ ಮನೆಯಲ್ಲಿ ಅಪ್ಪ ಕೂತಿದ್ದಾನೆ ಅಂತ ಗೊತ್ತಿತ್ತು. ಇಷ್ಟು ಹೇಳಿದೆ. ಅವನು ಏನೂ ಹೇಳಲಿಲ್ಲ.

ಬೆಳಗ್ಗೆಯಿಂದ ಒಂದು ವಿಷಯ ನನ್ನ ಮನಸ್ಸಿನಲ್ಲಿತ್ತು. ಅಕ್ಕ ಒಗೆಯುವ ಕಲ್ಲಿನ ಹತ್ತಿರ ಅವನ ಯೂನಿಫಾರ್ಮಿನ ಬಿಳಿ ಶರ್ಟು ತಿಕ್ಕುತ್ತಿದ್ದಳು. ಬೆನ್ನ ಮೇಲೆ ಸೊಂಟದಿಂದ ಕಾಲರಿನವರೆಗೆ ಒಂದೇ ನೇರ ಗೆರೆಯಲ್ಲಿ ಕೆಂಪು ಕೆಸರು. ಎಲ್ಲಿ ಬಿದ್ದನೋ ಏನೋ ಅಂದಳು. ಬಿದ್ದವನ ಬೆನ್ನಿಗೆ ಹಾಗೆ ಕೆಸರು ಹಿಡಿಯುವುದಿಲ್ಲ. ಮಡ್‌ಗಾರ್ಡ್ ತೆಗೆದ ಬೈಕಿನ ಹಿಂದೆ ಕೂತರೆ ಹಿಡಿಯುತ್ತದೆ. ನಿನ್ನೆ ಎಂಟೂವರೆಗೆ ಬಂದವನು ಬಸ್ಸು ಲೇಟು ಅಂದಿದ್ದ.

“ನಿನ್ನೆ ನೀನು ಇಳಿದಿಯಾ?” ಅಂತ ಕೇಳಿದೆ. ಸುಮ್ನೆ ಕೇಳಿದ್ದು, ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ತುಂಬಾ ಹೊತ್ತು ಉಗುರು ಕಚ್ಚಿದ. ಆಮೇಲೆ ಬಾಯಿಬಿಟ್ಟ. ಸೋಮವಾರ ಫುಟ್‌ಬಾಲ್ ಆಡುವಾಗ ಜಗಳ. ಫೌಲ್ ಹೌದಾ ಅಲ್ವಾ ಅಂತ. ಬುಧವಾರದ ಹೊತ್ತಿಗೆ ಫುಟ್‌ಬಾಲ್ ಮರೆತೇ ಹೋಗಿತ್ತು, ನಮ್ಮವರು ಅವರು ಅಂತ ಆಗಿತ್ತು. ಯಾರು ಹಾಗೆ ಮಾಡಿದ್ದು ಅಂದರೆ ಗೊತ್ತಿಲ್ಲ, ವಾಟ್ಸಾಪಿನಲ್ಲಿ ಬಂತು ಅಂದ. ಈ ಊರಲ್ಲಿ ಹುಟ್ಟಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ನಿನ್ನೆ ಸಂಜೆ ಮೂರು ಬೈಕು, ಏಳು ಜನ, ಸೀತಾಂಗೋಳಿ ಕಡೆ ಆ ಹುಡುಗನ ಮನೆಗೆ ಹೋದರಂತೆ. ಒಬ್ಬನ ಬ್ಯಾಗಿನಲ್ಲಿ ಸೈಕಲ್ ಚೈನು ಇತ್ತಂತೆ.

“ಇಳಿಲಿಲ್ಲ ಮಾವ” ಅಂದ.

ಹುಡುಗ ಮನೆಯಲ್ಲಿ ಇರಲಿಲ್ಲ. ಅವನ ತಾಯಿ ಟಾರ್ಚು ಹಿಡಿದು ಜಗಲಿಗೆ ಬಂದರು. ಇವರು ಮಗನ ಗೆಳೆಯರು ಅಂದುಕೊಂಡರು. “ಮಳ ನನೆಯಂಡ ಮಕ್ಕಳೇ, ಕೇರಿ ಇರಿಕ್ಕ್” ಅಂದರಂತೆ. ನೆನೆಯಬೇಡಿ ಮಕ್ಕಳೇ, ಬಂದು ಕೂತ್ಕೊಳ್ಳಿ. ತಲೆ ಒರೆಸಲು ಒಂದು ಬೈರಾಸು ತಂದುಕೊಟ್ಟರು. ಒಂದೇ ಬೈರಾಸು, ಏಳು ಜನ. ಒಬ್ಬರಿಂದ ಒಬ್ಬರಿಗೆ ದಾಟಿಸಿದರಂತೆ. ಯಾರೂ ಮಾತಾಡಲಿಲ್ಲ, ಚಾ ಬೇಡ ಅಂತ ಹೇಳಿ ಹೊರಟು ಬಂದರು.

“ಅದಕ್ಕೆ ಸೋಪಿನ ವಾಸನೆ ಇತ್ತು. ನಮ್ಮನೆಯದೇ ಸೋಪು” ಅಂದ ಅಳಿಯ. ಆಗ ಅತ್ತ.

ಉಳಿದ ಸಿನಿಮಾ ನೋಡಿದೆವು. ಟ್ರೇ ಮನೆಗೆ ಬರುತ್ತಾನೆ, ಅಪ್ಪ ಒಂದು ಮಾತೂ ಆಡುವುದಿಲ್ಲ. ಬೆಳಗ್ಗೆ ಡೋಬಾಯ್ ಬಂದು ಮೆಟ್ಟಿಲಲ್ಲಿ ಕೂರುತ್ತಾನೆ, ಟಿವಿಯಲ್ಲಿ ಬೇರೆ ದೇಶದ ಸುದ್ದಿ ಎಲ್ಲ ಇತ್ತು, ನನ್ನ ತಮ್ಮನದ್ದು ಇರಲಿಲ್ಲ ಅನ್ನುತ್ತಾನೆ. ನನಗೀಗ ತಮ್ಮನೂ ಇಲ್ಲ, ತಾಯಿಯೂ ಇಲ್ಲ ಅನ್ನುತ್ತಾನೆ. ಎರಡು ವಾರದಲ್ಲಿ ಅವನೂ ಕೊಲೆಯಾದ ಅಂತ ಪರದೆ ಮೇಲೆ ಬರೆದು ಬರುತ್ತದೆ.

ನಿನ್ನೆ ಎಂಟೂವರೆಗೆ ನಾನೆಲ್ಲಿದ್ದೆ? ಇದೇ ಕುರ್ಚಿಯಲ್ಲಿ, ಮೊಬೈಲು ನೋಡುತ್ತಾ. ಬಸ್ಸು ಲೇಟು ಅಂದದ್ದಕ್ಕೆ ತಲೆಯನ್ನೂ ಎತ್ತಲಿಲ್ಲ.

ಅಕ್ಕನಿಗೆ ಹೇಳಬೇಕಾ? ಹೇಳಿದರೆ ಈ ರಾತ್ರಿಯೇ ಭಾವನಿಗೆ ಫೋನು ಹೋಗುತ್ತದೆ, ಅಲ್ಲಿಂದ ಅವರು ಏನು ಮಾಡಿಯಾರು ಪಾಪ. ಆ ತಾಯಿಗೆ ಹೇಳಬೇಕಾ? ನಾಳೆ ಮಳೆ ಬಿಟ್ಟರೆ ಇವನನ್ನು ಕರೆದುಕೊಂಡು ಸೀತಾಂಗೋಳಿಗೆ ಹೋಗಿ ಬರೋಣ ಅಂತ ಒಂದು ಮನಸ್ಸು. ಹೋಗಿ ಏನಂತ ಹೇಳುವುದು? ಮಗ ಮನೆಯಲ್ಲೇ ಇದ್ದರೆ? ಸೋಮವಾರ ಶಾಲೆ ಇದೆ. ಆ ಆರು ಜನರಲ್ಲಿ ಬ್ಯಾಗಿನಲ್ಲಿ ಚೈನು ಇಟ್ಟುಕೊಂಡವನು ಯಾರು ಅಂತ ಇವನು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ, ಈಗ ಅನಿಸುತ್ತದೆ ಆ ಹುಡುಗನ ಮನೆಯಲ್ಲೂ ಯಾರಾದರೂ

ಮಂಚ ಮತ್ತೆ ಕಿರುಗುಟ್ಟಿತು. ಬಾಗಿಲು ತೆಗೆದ. ನೀರು ಕುಡಿಯಲಿಕ್ಕೆ ಬಂದದ್ದಂತೆ. ಕೂತ್ಕೋ ಅಂದೆ.