ನುಂಗಿಹೋದ ಸೊನ್ನೆ

ಆ ಭಾನುವಾರ ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ಸಾಗರದ ಮಳೆಗಾಲ ಗೊತ್ತಲ್ವಾ, ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಮೊಬೈಲೂ ಸತ್ತಿತ್ತು. ಸುಮ್ನೆ ಕೂರಲಾರದೆ, ಡೈರಿಯಲ್ಲಿ ಎಂದೋ ಬರೆದಿಟ್ಟುಕೊಂಡಿದ್ದ ಒಂದು ಗುಣಾಕಾರಕ್ಕೆ ಕೈ ಹಾಕಿದೆ.

761838257287 × 193707721.

ಎರಡನ್ನು ಅರವತ್ತೇಳು ಸಲ ಗುಣಿಸಿ ಒಂದು ಕಳೆದರೆ 147573952589676412927 ಬರುತ್ತದೆ. 21 ಅಂಕಿ. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸಿನ ಮೆರ್ಸೆನ್ ಬರೆದಿದ್ದರು. ಅಲ್ಲ, ಒಡೆಯುತ್ತದೆ ಅಂತ 1876ರಲ್ಲಿ ಲೂಕಾಸ್ ತೋರಿಸಿದರು. ಆದರೆ ಯಾವುದರಿಂದ ಒಡೆಯುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ. ಇದನ್ನು ಹೇಳಿದಾಗ ನನಗೆ ವಿಚಿತ್ರ ಅನ್ನಿಸಿದಷ್ಟು ಅಪ್ಪನಿಗೆ ಅನ್ನಿಸಲಿಲ್ಲ. "ತೆಂಗಿನಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಟ್ಟಿದೆ ಅಂತ ಗೊತ್ತಾಗಲ್ವಾ? ಒಡೆದೇ ನೋಡಬೇಕಾ?" ಅಂದರು.

ಒಡೆದು ತೋರಿಸಿದ್ದು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್, 1903ರ ಅಕ್ಟೋಬರ್ 31ರಂದು, ಗಣಿತಜ್ಞರ ಸಭೆಯಲ್ಲಿ. ಒಂದೂ ಮಾತಾಡದೆ ಹಲಗೆಯ ಮೇಲೆ, ನನ್ನ ಡೈರಿಯಲ್ಲಿದ್ದ ಇದೇ ಎರಡು ಸಂಖ್ಯೆ ಗುಣಿಸಿ ಕೂತರಂತೆ. ಎಷ್ಟು ದಿನ ಹಿಡಿಯಿತು ಅಂತ ಕೇಳಿದ್ದಕ್ಕೆ "ಮೂರು ವರ್ಷದ ಭಾನುವಾರಗಳು" ಅಂದರಂತೆ. ಕಥೆಗೆ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು, ಗುಣಾಕಾರಕ್ಕಂತೂ ಬಿದ್ದಿಲ್ಲ.

ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಕೆಳಗಿನ ಸಂಖ್ಯೆಯಲ್ಲಿ ಏಳು ಮೂರು ಸಲ ಬರುತ್ತದೆ. ಏಳೇಳಲಿ ನಲವತ್ತೊಂಬತ್ತು, ಒಂಬತ್ತು ಬರೆದು ಕೈಯಲ್ಲಿ ನಾಲ್ಕು. ಏಳೆಂಟಲಿ ಐವತ್ತಾರು, ನಾಲ್ಕು ಸೇರಿ ಅರವತ್ತು. ಹೀಗೆ 5332867801009 ಅಂತ ಒಂದು ಸಾಲು ಬಂದರೆ, ಉಳಿದೆರಡು ಕಡೆ ನಕಲು. ಸೊನ್ನೆಗೆ ಸಾಲೇ ಬೇಡ. ಮುಕ್ಕಾಲು ಗಂಟೆಯಲ್ಲಿ ಕೂಡಿಸಿಯೂ ಆಯಿತು. ಉತ್ತರದ ಶುರುವಿನಲ್ಲಿ 147, ಕೊನೆಯಲ್ಲಿ 2927. ಬಂತು ಅಂತ ಕೂಗಿಯೇಬಿಟ್ಟೆ.

ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಕನ್ನಡಕ ಏರಿಸಿ ಒಂಬತ್ತರ ತಾಳೆ ನೋಡಿದರು. ಎರಡೂ ಸಂಖ್ಯೆಗಳ ಅಂಕಿ ಕೂಡಿಸುತ್ತ ಹೋದರೆ ಕೊನೆಗೆ ಒಂದು ಉಳಿಯುತ್ತದೆ. ನನ್ನ ಉತ್ತರಕ್ಕೂ ಒಂದೇ. "ಸರಿಯಿದೆ" ಅಂದರು. ಆಮೇಲೆ ಬೆರಳಿಟ್ಟು ಅಂಕಿ ಎಣಿಸಿದರು. ಇಪ್ಪತ್ತು. ಒಂದು ಕಮ್ಮಿ.

ಸೊನ್ನೆಗೆ ಸಾಲು ಬೇಡ, ನಿಜ. ಆದರೆ ಮುಂದಿನ ಸಾಲನ್ನು ಎರಡು ಮನೆ ಸರಿಸಿ ಬರೆಯಬೇಕಿತ್ತು. ನಾನು ಒಂದೇ ಮನೆ ಸರಿಸಿದ್ದೆ. ಅಂದರೆ ಗುಣಿಸಿದ್ದು 193707721ರಿಂದ ಅಲ್ಲ, 19377721ರಿಂದ. ಸೊನ್ನೆ ಬಿಟ್ಟುಹೋದರೆ ಅಂಕಿಗಳ ಮೊತ್ತ ಬದಲಾಗಲ್ಲ, ಹಾಗಾಗಿ ತಾಳೆಯೂ ಕಣ್ಣು ತಪ್ಪಿಸಿತು. "ಈ ತಾಳೆ ನಂಬಿಕೊಂಡು ಎಷ್ಟು ವರ್ಷ ಲೆಕ್ಕ ಬರೆದೆನೋ!" ಅಂತ ಅಪ್ಪ ನಕ್ಕರು. ಅಷ್ಟೇನೂ ತಮಾಷೆಯ ನಗು ಅಲ್ಲ ಅದು.

ಎರಡನೇ ಸಲ 21 ಅಂಕಿಯೂ ಕೂತಿತು. ಅಪ್ಪನಿಗೆ ಅದು ಸಾಕಾಗಲಿಲ್ಲ. "ಗುಣಿಸೋದು ಯಾರು ಬೇಕಾದ್ರೂ ಮಾಡ್ತಾರೆ. ಆ 193707721 ಅವನಿಗೆ ಸಿಕ್ಕಿದ್ದು ಹೇಗೆ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೂ 134ರ ಮಗ್ಗಿಗಿಂತ ಒಂದು ಜಾಸ್ತಿ ಇರಲೇಬೇಕು. ಅಪ್ಪ ಭಾಗಿಸಿದರು. ಸಿಕ್ಕಿದ್ದು 14,45,580ನೇ ಮೆಟ್ಟಿಲಲ್ಲಿ. ಮೆಟ್ಟಿಲಿಗೊಂದು ನಿಮಿಷ ಅಂದರೂ ಊಟ ನಿದ್ದೆ ಬಿಟ್ಟು 1,004 ದಿನ. ಕೋಲ್ ಹೀಗೆ ಒಂದೊಂದೇ ಹತ್ತಲಿಲ್ಲ, ಶೇಷಗಳ ನಿಯಮ ಹಿಡಿದು ಆಗದವನ್ನೆಲ್ಲ ಜರಡಿ ಹಿಡಿದರು ಅಂದೆ. ಅಪ್ಪ ಹೂಂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಅಪ್ಪನ ಅಕ್ಷರ ಇತ್ತು. 135, ಹೊಡೆದುಹಾಕಿದ್ದರು. 269, ಸುತ್ತ ಗೆರೆ. 403, ಪಕ್ಕದಲ್ಲಿ ಸಣ್ಣದಾಗಿ 13 × 31. 537, ಹೊಡೆದುಹಾಕಿದ್ದರು.