ದೊಡ್ಡರೋಗ ನಡೆದ ದಾರಿ

ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಹೊರಟಾಗ ಬೆಳಿಗ್ಗೆ ಏಳು ಗಂಟೆ. ಊಟಿಗೆ ಹೋಗುವವರೆಲ್ಲ ಬಂಡೀಪುರ ಬಂತು ಅಂದ ಕೂಡಲೇ ಆನೆ ಕಾಣುತ್ತಾ ಅಂತ ಕಿಟಕಿಗೆ ಮುಖ ಒತ್ತಿ ಕೂರುತ್ತಾರೆ. ನಮ್ಮ ಚಿಕ್ಕಪ್ಪನ ಕಣ್ಣು ಮಾತ್ರ ರಸ್ತೆಬದಿಯ ದನಗಳ ಮೇಲೆ. ಮೂವತ್ತು ವರ್ಷಕ್ಕೂ ಜಾಸ್ತಿ ಈ ಸುತ್ತಿನ ಪಶು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು ಅವರು. ಕೂನೂರಿನಲ್ಲಿ ತಂಗಿಯ ಮನೆಗೆ ಹೋಗಬೇಕಿತ್ತು, ಜೊತೆಗೆ ಬನ್ನಿ ಅಂದೆ, ಬಂದರು.

ಹಂಗಳ ದಾಟುವಾಗ ಒಂದು ಹಿಂಡು ಕಾಡಂಚಿನ ಕಡೆ ಸಾಗಿತ್ತು. ಸಣ್ಣ ಮೈಯ ನಾಟಿ ದನಗಳು, ಎದ್ದು ಕಾಣುವ ಪಕ್ಕೆಲುಬು.

"ಇಂಥವನ್ನ ಹಾಲಿಗೆ ಅಂತ ಸಾಕ್ತಿರಲಿಲ್ಲ ಕಣವ್ವ, ಗೊಬ್ಬರಕ್ಕೆ. ಲಾರಿ ಲಾರಿ ಸಗಣಿ ಗೊಬ್ಬರ ಕೇರಳದ ತೋಟಗಳಿಗೆ ಹೋಗ್ತಿತ್ತು. ಕಾಡಲ್ಲಿ ಮೇಯೋದು, ಕೊಟ್ಟಿಗೆಗೆ ಬಂದು ಸಗಣಿ ಹಾಕೋದು, ಅಷ್ಟೇ ಅವುಗಳ ಕೆಲಸ."

ಮೇಯಲು ಹೋದ ದನ ನೀರು ಕುಡಿಯುವುದು ಕಾಡಿನ ಕೆರೆಯಲ್ಲೇ. ಅದೇ ಕೆರೆಗೆ ಸಂಜೆ ಕಾಡೆಮ್ಮೆಗಳು ಇಳಿಯುತ್ತವೆ. ಕಾಟಿ ಅಂತಲೂ ಕರೆಯುತ್ತೇವಲ್ಲ, ಅವೇ. ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಹಾಕಿದಂತಿರುವ ಕಪ್ಪು ಪ್ರಾಣಿ. ದೊಡ್ಡ ಗೂಳಿ ಸಾವಿರ ಕಿಲೋದವರೆಗೂ ತೂಗುತ್ತದೆ. ನೋಡಲು ಬೆಟ್ಟದಂತಿದ್ದರೂ ದನದ ಜಾತಿಯೇ. ಹಾಗಾಗಿ ದನದ ರೋಗ ಅದಕ್ಕೂ ರೋಗ.

1968ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳಿಗೆ ದೊಡ್ಡರೋಗ ನುಗ್ಗಿತು. ದನಗಳನ್ನು ಕೊಲ್ಲುವ ಅಂಟುರೋಗ ಅದು, ಇಂಗ್ಲಿಷಿನವರು ರಿಂಡರ್‌ಪೆಸ್ಟ್ ಅನ್ನುತ್ತಿದ್ದ ಅದೇ ಕಾಯಿಲೆ. ಆಗ ಚಿಕ್ಕಪ್ಪನಿಗೆ ಹತ್ತು ವರ್ಷ. ಮೇಯಿಸಲು ಹೋದವರು ವಾಪಸ್ ಬಂದು ಕಾಡೆಲ್ಲ ನಾರುತ್ತಿದೆ ಅನ್ನುತ್ತಿದ್ದರಂತೆ. ಜ್ವರದಿಂದ ಬೆಂದ ಕಾಡೆಮ್ಮೆಗಳು ನೀರು ಹುಡುಕಿಕೊಂಡು ಕೆರೆದಂಡೆಗೆ ಬಂದು ಅಲ್ಲೇ ಬಿದ್ದಿದ್ದವಂತೆ. ಇದನ್ನು ಹೇಳುವಾಗ ಅವರ ದನಿ ಇಳಿಯಿತು. ನಾನು ಕಾರಿನ ಹಾಡು ನಿಲ್ಲಿಸಿದೆ.

"ಹೇಗೆ ಗೊತ್ತಾಗ್ತಿತ್ತು ಚಿಕ್ಕಪ್ಪ, ಇದು ದೊಡ್ಡರೋಗವೇ ಅಂತ?"

"ಮೊದಲು ಕಣ್ಣು ನೋಡಬೇಕು. ನೀರು ಸುರೀತಿರುತ್ತೆ, ಆಮೇಲೆ ಕೀವು. ಮೂಗಿನ ಮೇಲೆ ತೇವ ಇರಲ್ಲ, ಒಣಗಿ ಬಿರಿದಿರುತ್ತೆ. ಬಾಯೊಳಗೆ ಹುಣ್ಣು. ಆಮೇಲೆ ಭೇದಿ ಶುರು. ಭೇದಿ ಶುರುವಾದ ಮೇಲೆ ಬದುಕೋದು ಕಷ್ಟ."

ತೆಪ್ಪಕಾಡಿನಲ್ಲಿ ಮೋಯಾರ್ ನದಿ ದಾಟಿದೆವು. ಗೂಡಲೂರಿನಲ್ಲಿ ಟೀ ಕುಡಿದು ಘಾಟಿ ಹತ್ತಿದೆವು. ನಡುವಟ್ಟಂ ಬರುವಷ್ಟರಲ್ಲಿ ಚಳಿ ಕಿವಿಗೆ ಕಚ್ಚತೊಡಗಿತು. ಪೈಕಾರ ದಾಟಿದರೆ ಹುಲ್ಲಿನ ಗುಡ್ಡಗಳು ತೆರೆದುಕೊಳ್ಳುತ್ತವೆ. ಗುಡ್ಡದ ಸಂದುಗಳಲ್ಲಿ ಕಪ್ಪು ಹಸಿರಿನ ಶೋಲಾ ಕಾಡು. ವೆನ್‌ಲಾಕ್ ಡೌನ್ಸ್ ಅಂತ ಬ್ರಿಟಿಷರು ಹೆಸರಿಟ್ಟ ಜಾಗ ಇದು. ಕುದುರೆ ಏರಿ, ನಾಯಿಗಳನ್ನು ಬಿಟ್ಟು ನರಿ ಬೇಟೆ ಆಡುತ್ತಿದ್ದುದು ಇಲ್ಲೇ. ಅವರಿಗಿಂತ ಎಷ್ಟೋ ಮುಂಚಿನಿಂದ ಇಲ್ಲಿನ ಬುಡಕಟ್ಟಿನವರಾದ ತೋಡರು ತಮ್ಮ ಎಮ್ಮೆಗಳನ್ನು ಮೇಯಿಸುತ್ತಿದ್ದುದೂ ಇದೇ ಹುಲ್ಲಿನಲ್ಲಿ. ಕಾರು ನಿಲ್ಲಿಸಿ ಇಳಿದೆವು. ದೂರದಲ್ಲಿ ಐದಾರು ಎಮ್ಮೆ. ಅರ್ಧಚಂದ್ರದಂತೆ ಬಾಗಿದ ಅಗಲ ಕೊಂಬು.

ನಾನು ಹಳೆಯ ಎರಡು ಕಾಯ್ದೆಗಳ ಬಗ್ಗೆ ಓದಿಕೊಂಡು ಬಂದಿದ್ದೆ. ಆ ಗುಡ್ಡದ ಮೇಲೆ ನಿಂತು ಚಿಕ್ಕಪ್ಪನಿಗೆ ಹೇಳಿದೆ.

ಒಂದು, 1866ರ ಮದ್ರಾಸ್ ಜಾನುವಾರು ರೋಗ ಕಾಯ್ದೆ. ಅದರ ಹಿಂದಿನ ವರ್ಷವಷ್ಟೇ ಬ್ರಿಟನ್‌ಗೇ ದೊಡ್ಡರೋಗ ನುಗ್ಗಿ ಲಕ್ಷಗಟ್ಟಲೆ ದನ ಸತ್ತಿದ್ದವು. ಇನ್ನೊಂದು, 1879ರ ನೀಲಗಿರಿ ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣಾ ಕಾಯ್ದೆ. ಇದಕ್ಕೆ ಎರಡು ವರ್ಷ ಮೊದಲು ಇಲ್ಲಿನ ಬೇಟೆಗಾರರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಗುಂಡು ಹೊಡೆಯಲು ಪ್ರಾಣಿ ಉಳಿಯುವುದಿಲ್ಲ ಎಂಬ ಆತಂಕ ಅವರಿಗೆ. ಅಷ್ಟರಲ್ಲಾಗಲೇ ಕಾಡು ಕಡಿದು ಕಾಫಿ, ಟೀ, ಮಲೇರಿಯಾ ಮದ್ದಿನ ಸಿಂಕೋನಾ ಮರ ಹಾಕಿಯಾಗಿತ್ತು. ಕಾಯ್ದೆಯ ಪಟ್ಟಿಯಲ್ಲಿ ಕಡವೆ, ಜಿಂಕೆ, ಮೊಲ, ಕಾಡುಕೋಳಿ ಎಲ್ಲ ಇವೆ. ನಮ್ಮ ಕಾಡೆಮ್ಮೆ ಅಲ್ಲಿ 'ಬೈಸನ್'. ಬೈಸನ್ ಅಮೆರಿಕದ, ಯುರೋಪಿನ ಬೇರೆಯೇ ಪ್ರಾಣಿ. ನೀಲಗಿರಿಯ ಕಾಡುಮೇಕೆ ವರೆಯಾಡನ್ನು 'ಐಬೆಕ್ಸ್' ಅಂದದ್ದೂ ಹಾಗೆಯೇ. ಬೇಟೆಗೆ ಪರವಾನಗಿ ಬೇಕು, ನಿಗದಿ ಮಾಡಿದ ತಿಂಗಳುಗಳಲ್ಲಿ ಬೇಟೆ ನಿಲ್ಲಬೇಕು. ಹೊರಗಿನಿಂದ ತಂದು ಬಿಟ್ಟ ಮೀನಿಗೂ ಅದೇ ಕಾಯ್ದೆಯಲ್ಲಿ ರಕ್ಷಣೆ.

ಆ ಕಾಯ್ದೆಯಿಂದ ಪ್ರಾಣಿಗಳಿಗೆ ಒಳ್ಳೆಯದಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕಾಡೆಮ್ಮೆ ಒಂದು ಕಾಯ್ದೆಗೆ, ಊರ ದನ ಇನ್ನೊಂದು ಕಾಯ್ದೆಗೆ ಸೇರಿಹೋದವು. ಒಂದು ಸಾಹೇಬರ ಬೇಟೆ, ಇನ್ನೊಂದು ರೈತರ ಆಸ್ತಿ. ಇವೆರಡೂ ಒಂದೇ ಕೆರೆಯ ನೀರು ಕುಡಿಯುತ್ತವೆ ಎನ್ನುವುದನ್ನು ಯಾವ ಪುಟದಲ್ಲಿ ಬರೆಯುವುದು? ಬಂದೂಕಿಗೆ ಪರವಾನಗಿ ಕೇಳಬಹುದು. ರೋಗವನ್ನು ಕೇಳಲಾಗುತ್ತದಾ?

ಚಿಕ್ಕಪ್ಪ ಎಮ್ಮೆಗಳನ್ನೇ ನೋಡುತ್ತಿದ್ದರು. "ಕಾಡೆಮ್ಮೆಗೆ ಸೂಜಿ ಚುಚ್ಚೋಕಾಗಲ್ಲ. ಅದನ್ನ ಉಳಿಸಬೇಕು ಅಂದ್ರೆ ಊರ ದನಕ್ಕೆ ಚುಚ್ಚಬೇಕು. ನಾವು ಮಾಡಿದ್ದು ಅದೇ" ಅಂದರು.

ಆ ಸೂಜಿಯ ಕಥೆ ದೊಡ್ಡದು. 1871ರಲ್ಲೇ ದನಗಳ ಪಿಡುಗಿನ ಬಗ್ಗೆ ಒಂದು ಆಯೋಗ ವರದಿ ಕೊಟ್ಟಿತ್ತು. 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ಶುರುವಾಗಿ, 1893ರಲ್ಲಿ ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ ಹೋಯಿತು. ಇಂಥ ಅಂಟುರೋಗದ ಪ್ರಯೋಗಕ್ಕೆ ಊರಿಂದ ದೂರ ಇರುವ ತಣ್ಣಗಿನ ಜಾಗ ಬೇಕಿತ್ತು. ಜರ್ಮನಿಯ ಹೆಸರಾಂತ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಕೂಡ 1897ರಲ್ಲಿ ಅಲ್ಲಿಗೆ ಬಂದಿದ್ದರು. 1920ರ ದಶಕದಲ್ಲಿ ಅಲ್ಲೇ ಎಡ್ವರ್ಡ್ಸ್ ಎಂಬುವರು ರೋಗಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಪಳಗಿಸಿ ಲಸಿಕೆ ಮಾಡಿದರು. ನಮ್ಮ ಮೈಸೂರು ಸಂಸ್ಥಾನವೂ 1925ರಲ್ಲಿ ಹೆಬ್ಬಾಳದಲ್ಲಿ ದನಗಳ ರೋಗಕ್ಕೆ ಮದ್ದು ತಯಾರಿಸುವ ಸೀರಂ ಸಂಸ್ಥೆ ತೆರೆಯಿತು. ಚಿಕ್ಕಪ್ಪನ ಬಾಯಲ್ಲಿ ಅದು ಈಗಲೂ 'ಸೀರಮ್ಮು'.

ಅವರು ಕೆಲಸಕ್ಕೆ ಸೇರಿದಾಗ ಲಸಿಕೆಯನ್ನು ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು ಸೈಕಲ್ಲಿಗೆ ಕಟ್ಟಿಕೊಂಡು ಹೋಗಬೇಕಿತ್ತು. ಪುಡಿಯನ್ನು ಕಲಸಿದ ಮೇಲೆ ಬೇಗ ಮುಗಿಸಬೇಕು, ಬಿಸಿಲಿಗೆ ಕೆಟ್ಟುಹೋಗುತ್ತದೆ. ಹಾಗಾಗಿ ದನ ಮೇಯಲು ಹೊರಡುವ ಮುಂಚೆಯೇ, ಇನ್ನೂ ಕತ್ತಲಿರುವಾಗ ಕಾಡಂಚಿನ ಊರು ಸೇರಬೇಕು. ಚುಚ್ಚಿದ ದನದ ಕಿವಿಗೆ ಗುರುತಿಗೆ ತೂತು. ಕೆಲವು ಮನೆಯವರು ಬಾಗಿಲು ತೆಗೆಯುತ್ತಿರಲಿಲ್ಲ. ಚುಚ್ಚಿದರೆ ಗಬ್ಬ ಇಳಿಯುತ್ತದೆ ಎಂಬ ಹೆದರಿಕೆ. "ಬೈಸ್ಕೊಂಡೇ ಚುಚ್ಚಿದೀವಿ" ಅಂದರು. ಹೀಗೆ ಕಾಡಿನ ಸುತ್ತ ರೋಗ ದಾಟದಂಥ ಒಂದು ಬೇಲಿ ಎದ್ದಿತು. ಕಲ್ಲಿಲ್ಲ, ತಂತಿಯಿಲ್ಲ, ಕಿವಿಗೆ ತೂತು ಬಿದ್ದ ಬಡಕಲು ದನಗಳೇ ಬೇಲಿ.

ಭಾರತದಲ್ಲಿ ದೊಡ್ಡರೋಗ ಕೊನೆಗೆ ಕಾಣಿಸಿದ್ದು 1995ರಲ್ಲಿ. 2006ರಲ್ಲಿ ದೇಶ ಮುಕ್ತ ಅಂತ ಘೋಷಣೆಯಾಯಿತು, 2011ರಲ್ಲಿ ಇಡೀ ಪ್ರಪಂಚವೇ. ಸಿಡುಬಿನ ನಂತರ ಭೂಮಿಯಿಂದಲೇ ತೊಲಗಿದ ಎರಡನೇ ರೋಗ ಇದು. ಆ ದಿನ ನಮ್ಮ ತಾಲ್ಲೂಕಿನಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಹೊಡೆಯಬೇಕಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಊಟಿಯಲ್ಲಿ ಜನವೋ ಜನ. ನಿಲ್ಲದೆ ಕೂನೂರಿಗೆ ಇಳಿದೆವು. ತಂಗಿಯ ಮನೆ ಟೀ ತೋಟದ ಅಂಚಿನಲ್ಲಿದೆ. ಪಕ್ಕದ ಮನೆಯವರು ನೀಲಗಿರಿಯ ಬಡಗ ಸಮುದಾಯದವರು. ಅವರ ಮಾತು ನಮ್ಮ ಕನ್ನಡದ ಹಳೇ ನೆಂಟನಂತೆ ಕೇಳಿಸುತ್ತದೆ, ಅರ್ಧ ಸುಮ್ನೆ ಅರ್ಥವಾಗುತ್ತದೆ. ಕಾಡೆಮ್ಮೆಗಳು ಈಗ ದಿನಾ ಬರುತ್ತವೆ, ಹೋದ ವಾರ ಅಂಗಳದವರೆಗೂ ಬಂದಿದ್ದವು ಅಂದರು. ಅವರ ಹಸುವನ್ನು ತೋಟದ ಬೇಲಿಗೇ ಕಟ್ಟಿದ್ದರು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದೀರಾ ಅಂತ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ. ಹಾಕಿಸಿದ್ದರು. ಚಿಕ್ಕಪ್ಪ ಹಸುವಿನ ಬಾಯಿ ಬಿಡಿಸಿ ಒಮ್ಮೆ ನೋಡಿ, ಕೈ ತೊಳೆದುಕೊಂಡರು.

ಸಂಜೆ ಐದೂವರೆಗೆ ಮಂಜು ಸರಿದಾಗ ಟೀ ಗಿಡಗಳ ನಡುವೆ ಅವು ನಿಂತಿದ್ದವು. ಏಳು ಕಾಡೆಮ್ಮೆ, ಜೊತೆಗೆ ಕಂದು ಬಣ್ಣದ ಎರಡು ಕರು. ನಾವೆಲ್ಲ ಫೋನ್ ಎತ್ತಿದೆವು. ಚಿಕ್ಕಪ್ಪ ತಂಗಿಯ ಗಂಡನ ಬೈನಾಕ್ಯುಲರ್ ಇಸ್ಕೊಂಡು ಒಂದೊಂದನ್ನೇ ನೋಡುತ್ತಾ ಹೋದರು. ಎಷ್ಟು ಹೊತ್ತಾದರೂ ಇಳಿಸಲಿಲ್ಲ.

"ಏನು ನೋಡ್ತಿದೀರಿ ಚಿಕ್ಕಪ್ಪ?"

"ಮೂಗು ಕಣವ್ವ. ಎಲ್ಲದಕ್ಕೂ ಒದ್ದೆಯಾಗಿದೆ."